ಉಳವಿಯ ದಾರಿಯಲ್ಲಿ ಡಾಕ್ಟರ್ ವಸುಧಾ

ಕೊರೋನಾ ಲಾಕ್‌ಡೌನ್‌ಗಳೆಲ್ಲ ಮುಗಿದ ಮೇಲಿನ ಎರಡನೆಯ ಚಳಿಗಾಲ. ಆಗ ನಾನು ದಾಂಡೇಲಿಯ ಒಂದು ಸಣ್ಣ ಸಾಹಸ ಪ್ರವಾಸ ಸಂಸ್ಥೆಯಲ್ಲಿ ಮೌಂಟನ್ ಬೈಕಿಂಗ್ ವಿಭಾಗದ ಹಿರಿಯ ಗೈಡ್ ಆಗಿದ್ದೆ. ದಾಂಡೇಲಿ ಎಂದರೆ ಕಾಳಿ ನದಿಯ ರ‍್ಯಾಫ್ಟಿಂಗ್ ಅಷ್ಟೇ ಎಂದು ತಿಳಿದಿದ್ದ ಜನ, ಎರಡು ವರ್ಷ ಮನೆಯೊಳಗೆ ಕೂತು ಎದ್ದ ಮೇಲೆ ಸೈಕಲ್ ಕೇಳಿಕೊಂಡು ಬರತೊಡಗಿದ್ದರು. ಹುಬ್ಬಳ್ಳಿ, ಬೆಳಗಾವಿ, ಪುಣೆ, ಗೋವಾ ಎಲ್ಲ ಕಡೆಯಿಂದ ಬರುತ್ತಿದ್ದರು. ಶನಿವಾರ, ರವಿವಾರಗಳಲ್ಲಿ ನಮಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ನಾನು ಹಳಿಯಾಳದವಳು. ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಹೈಸ್ಕೂಲಿನಿಂದಲೇ ರೇಸ್ ಸೈಕಲ್ ತುಳಿದು, ರಾಜ್ಯ ಮಟ್ಟದಲ್ಲಿ ಕೆಲವು ವರ್ಷ ಸ್ಪರ್ಧಿಸಿ, ಮೊಣಕಾಲು ಕೈಕೊಟ್ಟ ಮೇಲೆ ಈ ಕೆಲಸಕ್ಕೆ ಬಂದೆ. ಗೈಡ್ ಎಂದರೆ ದಾರಿ ತೋರಿಸುವವಳು ಎಂದು ಎಲ್ಲರೂ ತಿಳಿಯುತ್ತಾರೆ. ದಾರಿ ತೋರಿಸುವುದು ಕೆಲಸದ ಸಣ್ಣ ಭಾಗ. ಸವಾರರ ದಮ್ಮು ಎಷ್ಟಿದೆ, ಯಾರು ಸುಳ್ಳು ಧೈರ್ಯ ತೋರಿಸುತ್ತಿದ್ದಾರೆ, ಯಾರಿಗೆ ನೀರು ಕಡಿಮೆಯಾಗಿದೆ ಎಂಬುದನ್ನು ಬೆನ್ನು ನೋಡಿಯೇ ತಿಳಿಯಬೇಕು. ಅದರ ಜೊತೆಗೆ ಪ್ರಥಮ ಚಿಕಿತ್ಸೆ. ಆಸ್ಪತ್ರೆಯಿಂದ ದೂರದ ಜಾಗಗಳಲ್ಲಿ ಗಾಯಾಳುವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ತರಬೇತಿಯನ್ನು ನಾನು ಎರಡು ಸಲ ಮುಗಿಸಿದ್ದೆ. ಮುರಿದ ಕೈ, ಚರ್ಮ ಕಿತ್ತ ಮೊಣಕಾಲು, ಕಣಜ ಕಚ್ಚಿ ಬಾತ ಮುಖ, ಇಂಥವನ್ನೆಲ್ಲ ಧಾರಾಳವಾಗಿ ನೋಡಿದ್ದೆ. ಸಾವನ್ನು ನೋಡಿರಲಿಲ್ಲ.

ನಮ್ಮ ಎಲ್ಲ ಪ್ರವಾಸಗಳಲ್ಲಿ ನನಗೆ ಇಷ್ಟವಾದದ್ದು ಹಳಿಯಾಳದಿಂದ ಉಳವಿಗೆ ಹೋಗುವ ಎರಡು ದಿನದ ದಾರಿ. ಮೊದಲ ದಿನ ಹಳಿಯಾಳದ ಹಳೆಯ ಕಿಲ್ಲೆಯ ಗೋಡೆ ನೋಡಿಕೊಂಡು, ಗೋವಿನಜೋಳದ ಹೊಲಗಳ ನಡುವೆ ಇಳಿದು, ದಾಂಡೇಲಿ ದಾಟಿ ಕೋಗಿಲಬನದಲ್ಲಿ ಕಾಳಿ ನದಿಯ ದಂಡೆಗೆ ವಸತಿ. ಎರಡನೆಯ ದಿನ ಕಾಡಿನ ಏರು ಹತ್ತಿ, ಗುಂದ ದಾಟಿ, ಕಾನೇರಿ ನದಿಗೆ ಸೇರುವ ಹಳ್ಳಗಳ ಕಣಿವೆಯಲ್ಲಿ ಹಾದು ಉಳವಿ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚೆದುರಿದಾಗ ಚನ್ನಬಸವಣ್ಣನವರು ತಮ್ಮವರನ್ನು ಕರೆದುಕೊಂಡು ಇದೇ ಕಾಡು ಹೊಕ್ಕು ಉಳವಿಯಲ್ಲಿ ಐಕ್ಯರಾದರು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅವರು ಇದ್ದರೆನ್ನುವ ಗವಿಗಳು ಈಗಲೂ ಅಲ್ಲಿವೆ. ಸವಾರರಿಗೆ ನಾನು ಆ ಕಥೆಯನ್ನು ಹೇಳುವುದು ಏರು ಮುಗಿದ ಮೇಲೆ, ಎಲ್ಲರೂ ಏದುಸಿರು ಬಿಡುತ್ತ ಸುಮ್ಮನಾದಾಗ.

ಆ ಸಲ ಬಂದವರು ಇಬ್ಬರೇ. ಹುಬ್ಬಳ್ಳಿಯ ಡಾಕ್ಟರ್ ವಸುಧಾ ಮತ್ತು ಅವರ ಗಂಡ ಶ್ರೀಕಾಂತ. ಹೆಂಡತಿ ಸರ್ಜನ್, ಗಂಡ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಇಬ್ಬರಿಗೂ ಐವತ್ತರ ಹತ್ತಿರ. ಲಾಕ್‌ಡೌನಿನಲ್ಲಿ ವಸುಧಾ ಅವರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಉಳಿದು, ಮನೆಗೆ ಬಂದರೂ ಮೇಲಿನ ಕೋಣೆಯಲ್ಲಿ ಒಬ್ಬರೇ ಇರಬೇಕಾಗಿತ್ತಂತೆ. ಆಗ ಗಂಡ ಅಂಗಳದಲ್ಲಿ ನಿಂತು, ಅವರು ಕಿಟಕಿಯಲ್ಲಿ ಕೂತು ಮಾತಾಡುತ್ತಿದ್ದರಂತೆ. ಅದು ಮುಗಿದ ಮೇಲೆ ಇಬ್ಬರೂ ಕೂಡಿ ಏನಾದರೂ ಮಾಡಬೇಕೆಂದು ಸೈಕಲ್ ಕೊಂಡಿದ್ದರು. ಇದನ್ನೆಲ್ಲ ಶ್ರೀಕಾಂತ ಸರ್ ಮೊದಲ ದಿನ ಊಟದ ಹೊತ್ತಿನಲ್ಲಿ ಹೇಳಿದರು. ವಸುಧಾ ಮೇಡಂ ನಗುತ್ತ, “ಸೈಕಲ್ ಮ್ಯಾಲೂ ಇವ್ರು ಹಿಂದ, ನಾ ಮುಂದ. ಅಂತರ ಹೋಗ್ಲೇ ಇಲ್ಲ,” ಎಂದರು.

ನಿಜ, ಅವರು ಒಳ್ಳೆಯ ಸವಾರರು. ಕಲ್ಲಿನ ಇಳಿಜಾರಿನಲ್ಲಿ ಮೈ ಹಿಂದೆ ಸರಿಸಿ, ಎರಡು ಬೆರಳಿನಿಂದ ಬ್ರೇಕ್ ಹಿಡಿದು, ನೋಟ ಮುಂದಿಟ್ಟು ಇಳಿಯುತ್ತಿದ್ದರು. ಶ್ರೀಕಾಂತ ಸರ್ ಹೆದರಿಕೆಯವರು. ಎಲ್ಲಿ ಸಂಶಯ ಬಂತೋ ಅಲ್ಲಿ ಇಳಿದು ಸೈಕಲ್ ನೂಕುತ್ತಿದ್ದರು. ನನ್ನ ಜೊತೆ ಇನ್ನೊಬ್ಬ ಗೈಡ್ ಪರಶುರಾಮ ಇದ್ದ. ಹಳಿಯಾಳದ ಬದಿಯ ಹಳ್ಳಿಯ ಸಿದ್ದಿ ಸಮುದಾಯದವನು. ಓಟದಲ್ಲಿ ಜಿಲ್ಲೆಗೆ ಹೆಸರು ತಂದವನು, ಸೈಕಲ್ ಮೇಲೂ ಅವನನ್ನು ಹಿಡಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಸಾಮಾನು, ಊಟ ಎಲ್ಲ ಹೊತ್ತ ಪಿಕಪ್ ಗಾಡಿಯನ್ನು ಇಸ್ಮಾಯಿಲ್ ಓಡಿಸುತ್ತಿದ್ದ. ಅವನು ಡಾಂಬರು ರಸ್ತೆಯಲ್ಲಿ ಸುತ್ತು ಹಾಕಿ, ಕಣಿವೆಯ ಆಚೆ ನಮಗಾಗಿ ಕಾಯುವುದು ರೂಢಿ.

ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ನಾವು ಗುಂದ ದಾಟಿ, ಡಾಂಬರು ಬಿಟ್ಟು, ಹಳೆಯ ಗಾಡಿದಾರಿಗೆ ಇಳಿದೆವು. ಮತ್ತಿ, ಹೊನ್ನೆ, ಬಿದಿರು ದಟ್ಟವಾಗಿ ಬೆಳೆದ ಕಣಿವೆ. ಕೆಳಗೆ ಹಳ್ಳದ ಸಪ್ಪಳ. ಹಳ್ಳ ದಾಟಿದರೆ ಕುಣಬಿ ಸಮುದಾಯದವರ ನಾಲ್ಕಾರು ಮನೆಗಳ ಒಂದು ವಾಡೆ, ಅಲ್ಲಿಂದ ಮುಂದೆ ಕಚ್ಚಾ ರಸ್ತೆ, ಅದರ ತುದಿಗೆ ನಮ್ಮ ಪಿಕಪ್. ಆ ವರ್ಷದ ಮಳೆಗೆ ಕಚ್ಚಾ ರಸ್ತೆಯೂ ನಡುವೆ ಕುಸಿದಿತ್ತು. ಗಾಡಿ ವಾಡೆಯವರೆಗೆ ಬರುವಂತಿರಲಿಲ್ಲ. ಫೋನಿಗೆ ಇಡೀ ಕಣಿವೆಯಲ್ಲಿ ಸಿಗ್ನಲ್ ಇಲ್ಲ.

ಇಳಿಜಾರಿನ ಕಷ್ಟದ ಭಾಗವೆಲ್ಲ ಮುಗಿದಿತ್ತು. ಹಳ್ಳಕ್ಕೆ ಸ್ವಲ್ಪ ಮೇಲೆ ಒಂದು ತಿರುವು. ವಸುಧಾ ಮೇಡಂ ಗಂಡನಿಗಾಗಿ ಕಾಯಲೆಂದು ವೇಗ ತಗ್ಗಿಸಿ, ಹೆಚ್ಚುಕಡಿಮೆ ನಿಂತೇಬಿಟ್ಟಿದ್ದರು. ಒದ್ದೆ ಎಲೆಯ ಕೆಳಗಿದ್ದ ಕಲ್ಲಿಗೆ ಮುಂದಿನ ಗಾಲಿ ಜಾರಿ ಅಡ್ಡ ತಿರುಗಿತು. ಹ್ಯಾಂಡಲಿನ ತುದಿ ಅವರ ಹೊಟ್ಟೆಯ ಕಡೆ ತಿರುಗಿ ನಿಂತಿತು. ಅವರು ಅದರ ಮೇಲೆ ಬಿದ್ದರು. ನಾನು ಹತ್ತು ಹೆಜ್ಜೆ ಹಿಂದಿದ್ದೆ, ಕಣ್ಣಾರೆ ಕಂಡೆ. ನೋಡಿದವರಿಗೆ ಅದು ಮಕ್ಕಳು ಆಡುತ್ತ ಬಿದ್ದಷ್ಟೇ. ನನ್ನ ಹದಿನೈದು ವರ್ಷದ ಕೆಲಸದಲ್ಲಿ ಅದಕ್ಕಿಂತ ಕೆಟ್ಟದಾಗಿ ಬಿದ್ದು, ಮೈ ಕೊಡವಿಕೊಂಡು ಎದ್ದು ಹೋದವರು ನೂರಾರು ಮಂದಿ.

ಅವರೂ ಎದ್ದರು. “ಹ್ಯಾಂಡಲ್ ಬಡೀತು, ಅಷ್ಟ,” ಎಂದು ಬಂಡೆಯ ಮೇಲೆ ಕೂತರು. ಅಂಗಿ ಎತ್ತಿ ನೋಡಿದೆ. ಎಡ ಪಕ್ಕೆಲುಬಿನ ಕೆಳಗೆ ರೂಪಾಯಿ ನಾಣ್ಯದಷ್ಟು ದುಂಡನೆಯ ಕೆಂಪು ಗುರುತು. ಚರ್ಮ ಕೂಡ ಹರಿದಿರಲಿಲ್ಲ. ಶ್ರೀಕಾಂತ ಸರ್ ಬಂದು ವಿಷಯ ತಿಳಿದು, ಹೆಂಡತಿ ನಗುವುದನ್ನು ಕಂಡು ಸಮಾಧಾನಗೊಂಡು, ಅವರ ಸೈಕಲ್ಲಿನ ಬಾಗಿದ ಬ್ರೇಕ್ ಹಿಡಿಕೆಯನ್ನು ಸರಿ ಮಾಡಲು ಕೂತರು.

ಸ್ವಲ್ಪ ಹೊತ್ತಿಗೆ ವಸುಧಾ ಮೇಡಂ ಮಾತು ನಿಲ್ಲಿಸಿದರು. ಬಲಗೈ ಬೆರಳನ್ನು ಎಡಗೈ ನಾಡಿಯ ಮೇಲೆ ಇಟ್ಟುಕೊಂಡು, ಗಡಿಯಾರ ನೋಡುತ್ತ ಕೂತರು. ಆಮೇಲೆ ಬಂಡೆಯ ಮೇಲೆ ಮೆಲ್ಲಗೆ ಅಂಗಾತ ಮಲಗಿದರು. ಎಡ ಹೆಗಲನ್ನು ಒಮ್ಮೆ ಮುಟ್ಟಿಕೊಂಡರು. ಗಂಡನ ಕಡೆ ತಿರುಗಿ, “ರೀ, ಹಳ್ಳಕ್ಕ ಹೋಗಿ ಈ ಟವೆಲ್ ತೊಯ್ಸಿಕೊಂಡು ಬರ್ರಿ, ಸೆಕೆ ಆಗಾಕತ್ತೈತಿ,” ಎಂದರು. ಅವರು ಹೋದರು. ಮೇಡಂ ನನ್ನನ್ನು ಹತ್ತಿರ ಕರೆದರು.

“ಸುಜಾತಾ, ನಾ ಹೇಳೂದು ಸಮಾಧಾನಲೇ ಕೇಳ್ರಿ. ಮಲಗಿದ ಕೂಡ್ಲೇ ಎಡ ಹೆಗಲು ನೋಯಾಕತ್ತೈತಿ. ಹೆಗಲಿಗೆ ಪೆಟ್ಟು ಬಿದ್ದಿಲ್ಲ. ಇದು ಸ್ಪ್ಲೀನ್. ಹರದೈತಿ. ಒಳಗ ರಕ್ತ ಹರಿಯಾಕತ್ತೈತಿ.”

ಸ್ಪ್ಲೀನ್ ಎಂದರೆ ಗುಲ್ಮ. ಎಡ ಪಕ್ಕೆಲುಬಿನ ಅಡಿಯಲ್ಲಿ ಅಡಗಿರುವ, ರಕ್ತ ತುಂಬಿದ ಮೆತ್ತನೆಯ ಅಂಗ. ಅದು ಹರಿದರೆ ಹೊರಗೆ ಒಂದು ಹನಿ ಕಾಣದೆ ಹೊಟ್ಟೆಯೊಳಗೇ ರಕ್ತ ತುಂಬುತ್ತದೆ. ಆ ರಕ್ತ ಎದೆ, ಹೊಟ್ಟೆಗಳ ನಡುವಿನ ಪೊರೆಯನ್ನು ಕೆಣಕಿದಾಗ ನೋವು ಹೆಗಲಿನಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ತರಬೇತಿಯಲ್ಲೂ ಇದನ್ನು ಹೇಳಿದ್ದರು. ಹ್ಯಾಂಡಲಿನ ತುದಿ ತಗುಲಿ ಹೀಗಾಗುವುದು ಸೈಕಲ್ ಸವಾರರಲ್ಲಿ ಅಪರೂಪವಲ್ಲ, ವೇಗ ಕಡಿಮೆ ಇದ್ದಾಗಲೂ ಆಗಬಹುದು ಎಂದೂ ಹೇಳಿದ್ದರು. ಪಾಠವಾಗಿ ಕೇಳಿದ್ದನ್ನು ಈಗ ಗಾಯಾಳುವಿನ ಬಾಯಿಂದಲೇ ಕೇಳುತ್ತಿದ್ದೆ.

“ಮೇಡಂ, ಎಷ್ಟು ಹೊತ್ತಿನ್ಯಾಗ ಆಸ್ಪತ್ರೆ ಮುಟ್ಟಬೇಕ್ರಿ?”

ಅವರು ಸುತ್ತಲಿನ ಗುಡ್ಡ ನೋಡಿದರು. “ಆಪರೇಷನ್ ಥಿಯೇಟರ್, ಜೊತಿಗೆ ರಕ್ತ. ಎರಡೂ ಬೇಕು. ಇಲ್ಲಿಂದ ಅದು ಭಾಳ ದೂರ ಐತಿ. ನಾಡಿ ಈಗಾಗಲೇ ಜೋರ್ ಆಗೈತಿ. ಸಾವಕಾಶ ಸೋರಿದ್ರ ಮುಟ್ತೇನಿ. ಸಾವಕಾಶ ಸೋರಾಕತ್ತಿಲ್ಲ ಅನಸ್ತೈತಿ.” ನಂತರ, ವಾರ್ಡಿನಲ್ಲಿ ನರ್ಸಿಗೆ ಹೇಳುವ ಹಾಗೆ, “ಅಂಗಾತ ಮಲಗಿಸಿ ಒಯ್ರಿ. ಬೆಚ್ಚಗ ಇಡ್ರಿ. ಬಾಯಿಗೆ ಏನೂ ಕೊಡಬ್ಯಾಡ್ರಿ. ಅರಿವಳಿಕೆ ಕೊಡೂ ಹೊತ್ತಿಗೆ ಹೊಟ್ಟಿ ಖಾಲಿ ಇರಬೇಕು. ನನಗ ಬಾಯಾರ್ತೈತಿ, ಆಮ್ಯಾಲ ನಾನ ನೀರು ಕೇಳ್ತೇನಿ. ಕೇಳಿದ್ರೂ ಕೊಡಬ್ಯಾಡ್ರಿ,” ಎಂದರು.

ಪರಶುರಾಮನನ್ನು ಕರೆದು ಎರಡೇ ಮಾತಿನಲ್ಲಿ ಹೇಳಿದೆ. ಮುಂದಿನ ವಾಡೆಗೆ ಹೋಗಿ ಜನರನ್ನೂ ಬಿದಿರನ್ನೂ ಕಳಿಸು. ಅಲ್ಲಿಂದ ಇಸ್ಮಾಯಿಲ್ ಇದ್ದಲ್ಲಿಗೆ ಹೋಗು. ಸಿಗ್ನಲ್ ಸಿಕ್ಕಲ್ಲಿಂದ ಆಂಬುಲೆನ್ಸ್ ಕರೆದು, ಗಾಡಿಯನ್ನು ಎಷ್ಟು ಹತ್ತಿರ ಬರುತ್ತದೋ ಅಷ್ಟು ಹತ್ತಿರ ತರಿಸು. ಅವನು ಒಂದೂ ಪ್ರಶ್ನೆ ಕೇಳದೆ ಹಳ್ಳದೊಳಗೇ ಸೈಕಲ್ ಇಳಿಸಿ ಹೋದ.

ಶ್ರೀಕಾಂತ ಸರ್ ಟವೆಲ್ ಹಿಂಡುತ್ತ ಮೇಲೆ ಬರುತ್ತಿದ್ದರು. ಮೇಡಂ ನನ್ನ ಕೈ ಹಿಡಿದರು.

“ಅವ್ರಿಗೆ ಹೇಳಬ್ಯಾಡ್ರಿ. ಭಾಳ ಹೆದರ್ತಾರ. ಪಕ್ಕಡಿ ಎಲುಬಿಗೆ ಪೆಟ್ಟು ಬಿದ್ದೈತಿ, ನಡಿಯಾಕ ಆಗಂಗಿಲ್ಲ ಅನ್ರಿ.”

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನಾನು ರೇಸಿಗೆ ಹೋಗುತ್ತಿದ್ದ ಕಾಲದಲ್ಲಿ, ಒಂದು ರಾಜ್ಯ ಚಾಂಪಿಯನ್‌ಶಿಪ್ಪಿನ ಹೊತ್ತಿಗೆ, ನನ್ನ ಅವ್ವ ಹಳಿಯಾಳದಲ್ಲಿ ಹಾಸಿಗೆ ಹಿಡಿದಿದ್ದಳು. ಎರಡು ದಿನ ಅವಳ ಜೀವ ಹೋಗಿ ಬಂದು ಮಾಡುತ್ತಿದ್ದಾಗ, “ಹುಡುಗಿ ರೇಸ್ ಮುಗಿಸಲಿ” ಎಂದು ಮನೆಯವರೆಲ್ಲ ಸೇರಿ ನನಗೆ ತಿಳಿಸಲಿಲ್ಲ. ಫೋನ್ ಮಾಡಿದರೆ “ಮಲಗ್ಯಾಳ” ಎನ್ನುತ್ತಿದ್ದರು. ನಾನು ಪದಕ ತೆಗೆದುಕೊಂಡು ಬಸ್ಸಿಳಿದಾಗ ಮನೆಯ ಮುಂದೆ ಜನ ಕೂತಿದ್ದರು. ಅವರು ಮಾಡಿದ್ದು ಪ್ರೀತಿಯಿಂದಲೇ. ಆದರೂ ಆ ಎರಡು ದಿನ ನನ್ನವಾಗಿದ್ದವು. ಯಾರೋ ಅವನ್ನು ಎತ್ತಿ ಬದಿಗಿಟ್ಟರು ಎಂಬ ಭಾವ ನನ್ನನ್ನು ಬಿಟ್ಟಿಲ್ಲ.

ಮೇಡಂಗೆ ಹೇಳಿದೆ: “ನಾನಾಗಿ ಹೇಳಂಗಿಲ್ರಿ. ಆದ್ರ ಅವ್ರು ಎದುರಿಗೆ ನಿಂತು ಕೇಳಿದ್ರ ಸುಳ್ಳು ಹೇಳಾಕ ನನ್ನಿಂದ ಆಗಂಗಿಲ್ಲ.”

ಅವರು ನನ್ನ ಕೈ ಬಿಟ್ಟರು. “ರೋಗಿ ಕಡಿಯವ್ರು ಮುಚ್ಚಿಡ್ರಿ ಅಂದಾಗ ನಾನೂ ಹಿಂಗ ಹೇಳ್ತಿದ್ದೆ,” ಎಂದು ಕಣ್ಣು ಮುಚ್ಚಿದರು.

ವಾಡೆಯಿಂದ ಜನ ಬೇಗ ಬಂದರು. ನಾಲ್ವರು ಗಂಡಸರು, ಜೊತೆಗೆ ಒಬ್ಬ ವಯಸ್ಸಾದ ಹೆಂಗಸು. ಹೆರಿಗೆಯ ಹೆಂಗಸರನ್ನು ರಸ್ತೆಯವರೆಗೆ ಹೊತ್ತು ಒಯ್ದು ಅವರಿಗೆ ರೂಢಿಯಿತ್ತು. ಎರಡು ಬಿದಿರಿನ ಗಳಗಳಿಗೆ ಕಂಬಳಿ ಬಿಗಿದು, ನಡುವೆ ಅಡ್ಡಗೋಲು ಕಟ್ಟಿ ಮಟ್ಟ ಮಾಡಿದರು. ನನ್ನ ಜಾಕೆಟ್, ಶ್ರೀಕಾಂತ ಸರ್ ಜಾಕೆಟ್ ಎರಡನ್ನೂ ಹೊದಿಸಿ, ಕಾಲ ಕೆಳಗೆ ಬ್ಯಾಗ್ ಇಟ್ಟು ಎತ್ತಿದೆವು. ಅವರೊಡನೆ ನಾನು, ಸರ್ ಸರದಿಯ ಮೇಲೆ ಹೆಗಲು ಕೊಟ್ಟೆವು. ಹಳ್ಳದಲ್ಲಿ ನೀರು ಮೊಣಕಾಲಿನವರೆಗೆ ಇತ್ತು, ಕಲ್ಲು ಜಾರುತ್ತಿದ್ದವು. ಗಳ ಅಲುಗಿದಾಗಲೆಲ್ಲ ಮೇಡಂ ತುಟಿ ಕಚ್ಚುತ್ತಿದ್ದರು. ಬಾಯಿಬಿಟ್ಟು ನರಳಲಿಲ್ಲ.

ಹಳ್ಳ ದಾಟಿ ಏರು ಹತ್ತುವಾಗ ಶ್ರೀಕಾಂತ ಸರ್ ಮತ್ತು ನಾನು ಹಿಂದಿನ ತುದಿಯಲ್ಲಿ ಅಕ್ಕಪಕ್ಕ ಇದ್ದೆವು. ಅವರು ದಾರಿಯನ್ನು ನೋಡುತ್ತಿರಲಿಲ್ಲ. ಹೆಂಡತಿಯ ಪಾದ ನೋಡುತ್ತಿದ್ದರು. ಬೂಟು ತೆಗೆದಿದ್ದ ಆ ಪಾದದ ಬಣ್ಣ ಹೋಗಿತ್ತು. ನಮ್ಮ ಸರದಿ ಮುಗಿದು ಬೇರೆಯವರು ಹೆಗಲು ಕೊಟ್ಟಾಗ ಅವರು ನನ್ನನ್ನು ದಾರಿಯ ಬದಿಗೆ ನಿಲ್ಲಿಸಿದರು.

“ಇದು ಪಕ್ಕಡಿ ನೋವಲ್ಲ. ನನಗ ಖರೇ ಹೇಳ್ರಿ.”

“ಅಲ್ರಿ ಸರ್. ಒಳಗ ರಕ್ತ ಸೋರಾಕತ್ತೈತಿ. ಮೇಡಂ ತಾವ ಗುರ್ತ ಹಿಡದಾರ. ಆಸ್ಪತ್ರೆ ಮುಟ್ಟಿದ್ರ ಉಳಿಬಹುದು. ಮುಟ್ಟತೀವೋ ಇಲ್ಲೋ ಅಂತ ಅವ್ರಿಗೂ ಗೊತ್ತಿಲ್ಲ. ಮುಟ್ಟೂದು ಕಷ್ಟ ಐತಿ ಅಂತ ಅವ್ರಿಗೆ ಅನಸೈತಿ.”

ಅವರು ಕುಸಿಯುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಒಂದು ಮರ ಹಿಡಿದು ನಿಂತರು. ಮುಖ ಒರೆಸಿಕೊಂಡರು. “ಅಕಿಗೆ ಗೊತ್ತೈತಿ ಅಂದ್ರಿ?” ಎಂದು ಇನ್ನೊಮ್ಮೆ ಕೇಳಿದರು. ಹೌದೆಂದೆ. “ಹಂಗಾರ ಅಕಿ ಒಬ್ಬಾಕಿನ ಇದನ್ನ ಹೊತ್ಕೊಂಡು ಮಲಗ್ಯಾಳ,” ಎಂದು ಓಡಿ ಹೋಗಿ, ಕಂಬಳಿಯ ತಲೆಯ ಬದಿಗೆ ಸೇರಿ, ಅವರ ಕೈ ಹಿಡಿದುಕೊಂಡರು. ಅಲ್ಲಿಂದ ಮುಂದೆ ಆ ಜಾಗ ಬಿಡಲಿಲ್ಲ.

ಮೇಡಂ ಗಂಡನ ಮುಖ ನೋಡಿದ ಕೂಡಲೇ ಅರ್ಥ ಮಾಡಿಕೊಂಡರು. ತಲೆ ಹೊರಳಿಸಿ ನನ್ನನ್ನು ಹುಡುಕಿದರು. “ಕೇಳಿದ್ರು,” ಎಂದೆ. “ಆತು ಬಿಡ್ರಿ,” ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಹಗುರಾದ ಹಾಗೆ ಕಂಡಿತು. ಅದು ನನ್ನ ಆಸೆಯೂ ಇರಬಹುದು.

ಆಮೇಲೆ ಅವರಿಬ್ಬರೂ ಮಾತಾಡಿದರು. ನಾನು ಬೇಕೆಂದೇ ಮುಂದಿನ ಗಳಕ್ಕೆ ಹೋದೆ. ಆದರೂ ಕೆಲವು ಮಾತು ಕಿವಿಗೆ ಬಿದ್ದವು. ಸೋಮವಾರ ಒಬ್ಬ ರೈತನ ಹೊಟ್ಟೆಯ ಆಪರೇಷನ್ ಇದೆ, ಅವನನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸಬೇಕು, ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ನೆನಪಿನಿಂದ ಹೇಳಬೇಕು ಎಂದರು. ಮಗಳು ಮೇಘನಾ ಬೆಳಗಾವಿಯಲ್ಲಿ ಓದುತ್ತಿದ್ದಳು. “ಅಕಿಗೆ ಡಾಕ್ಟರ್ ಆಗಂತ ಯಾರೂ ಒತ್ತಾಯ ಮಾಡಬ್ಯಾಡ್ರಿ, ನಿಮ್ಮಕ್ಕಗೂ ಹೇಳ್ರಿ,” ಎಂದರು. ಶ್ರೀಕಾಂತ ಸರ್ ಏನೋ ಹೇಳಿದ್ದಕ್ಕೆ ಅವರು ನಕ್ಕದ್ದು ಕೇಳಿಸಿತು. ನಗುವಿನ ನಡುವೆ ನೋವಿಗೆ ಉಸಿರು ಕಟ್ಟಿದ್ದೂ ಕೇಳಿಸಿತು. ಆಮೇಲೆ ತುಂಬ ಹೊತ್ತು ಸರ್ ಒಬ್ಬರದೇ ದನಿ. ಮದುವೆಯಾದ ಹೊಸತರಲ್ಲಿ ಇಬ್ಬರೂ ಇದ್ದ ಯಾವುದೋ ಬಾಡಿಗೆ ಮನೆಯ ವಿಷಯ ಹೇಳುತ್ತಿದ್ದರು.

ವಾಡೆ ತಲುಪಿದಾಗ ಹೊತ್ತವರಿಗೆ ದಮ್ಮು ಹತ್ತಿತ್ತು. ಗಳವನ್ನು ಒಂದು ಮನೆಯ ಜಗಲಿಯ ಮೇಲೆ ಇಳಿಸಿದೆವು. ಆ ವಯಸ್ಸಾದ ಹೆಂಗಸು ಒಳಗೆ ಹೋಗಿ ಎಲ್ಲರಿಗಾಗಿ ತಂಬಿಗೆಯಲ್ಲಿ ನೀರು ತಂದಳು. ವಸುಧಾ ಮೇಡಂ ಅಷ್ಟು ಹೊತ್ತಿಗೆ ಅರೆ ಎಚ್ಚರದಲ್ಲಿದ್ದರು. ಹಣೆ ತಣ್ಣಗೆ ಬೆವರುತ್ತಿತ್ತು. ಮಣಿಕಟ್ಟಿನಲ್ಲಿ ನಾಡಿ ನನ್ನ ಬೆರಳಿಗೆ ಸಿಗುತ್ತಿರಲಿಲ್ಲ. ತಂಬಿಗೆಯ ಸಪ್ಪಳಕ್ಕೆ ಕಣ್ಣು ಬಿಟ್ಟರು.

“ನೀರ್ ಕೊಡ್ರಿ.”

ನಾನು ಹತ್ತಿರ ಹೋಗಿ, “ಮೇಡಂ, ನೀವ ಬ್ಯಾಡಂದಿದ್ರಿ,” ಎಂದೆ. ಅವರಿಗೆ ಅದು ತಿಳಿಯಲಿಲ್ಲ. “ಒಂದ್ ಗುಟುಕು. ಒಂದ ಗುಟುಕು ಸಾಕು,” ಎಂದು ಸಣ್ಣ ಮಕ್ಕಳ ಹಾಗೆ ಕೇಳಿದರು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಬಟ್ಟೆಯ ತುದಿಯನ್ನು ಅವರು ಹಲ್ಲಿನಲ್ಲಿ ಹಿಡಿದು ಚೀಪತೊಡಗಿದರು. ನನಗೆ ಕೈ ಹಿಂದೆ ತೆಗೆಯಲಾಗಲಿಲ್ಲ, ತಂಬಿಗೆ ಎತ್ತಲೂ ಆಗಲಿಲ್ಲ. ನೀರು ಕೊಟ್ಟರೆ, ಅವರು ಉಳಿಯುವ ಆಸೆಯನ್ನು ನಾವು ಬಿಟ್ಟಂತೆ. ಕೊಡದಿದ್ದರೆ, ಬಾಯಾರಿದ ಮನುಷ್ಯರಿಗೆ ನೀರು ಇಲ್ಲವೆಂದಂತೆ. ನಾನು ಶ್ರೀಕಾಂತ ಸರ್ ಕಡೆ ನೋಡಿದೆ.

ಅವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಬಹಳ ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದರು:

“ಬ್ಯಾಡ ಅಂದಾಕಿ ಡಾಕ್ಟರ್. ಈಗ ಕೇಳಾಕತ್ತಾಕಿ ನನ್ನ ಹೇಣ್ತಿ.”

ತಂಬಿಗೆಯಿಂದ ಬೊಗಸೆಗೆ ಸ್ವಲ್ಪ ನೀರು ಹಾಕಿಕೊಂಡು, ಬೆರಳ ಸಂದಿಯಿಂದ ಅವರ ಬಾಯಿಗೆ ಬಿಟ್ಟರು. ಅವರು ಕುಡಿದರು. ಇನ್ನೊಮ್ಮೆ ಬಿಟ್ಟರು. ಅದನ್ನೂ ಕುಡಿದು, “ತಣ್ಣಗೈತಿ,” ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಕುಣಬಿ ಮುದುಕಿ ಕೊಂಕಣಿಯಲ್ಲಿ ಏನೋ ಹೇಳಿ, ತನ್ನ ಸೆರಗಿನಿಂದ ಮೇಡಂ ಗದ್ದ ಒರೆಸಿದಳು.

ಮತ್ತೆ ಗಳ ಎತ್ತಿ ನಡೆದೆವು. ರಸ್ತೆ ಕುಸಿದ ಜಾಗದ ಆಚೆ ಇಸ್ಮಾಯಿಲ್ ಗಾಡಿ ತಿರುಗಿಸಿ ನಿಲ್ಲಿಸಿದ್ದ. ಹಿಂದಿನ ಸಾಮಾನೆಲ್ಲ ತೆಗೆದು ಬದಿಗೆ ಒಗೆದು, ಹಾಸಿಗೆ ಹಾಸಿದ್ದ. “ಆಂಬುಲೆನ್ಸ್ ದಾಂಡೇಲಿಯಿಂದ ಬಿಟ್ಟೈತಿ ಅಕ್ಕಾ, ದಾರ‍್ಯಾಗ ಸಿಗತೈತಿ,” ಎಂದ ಪರಶುರಾಮ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ವಸುಧಾ ಮೇಡಂ ಉಸಿರು ನಿಂತಿತು. ಎದೆ ಒತ್ತತೊಡಗಿದೆ. ನಾಳಗಳಲ್ಲಿ ರಕ್ತವೇ ಇಲ್ಲದಾಗ ಎದೆ ಒತ್ತಿ ಪ್ರಯೋಜನ ಕಡಿಮೆ ಎಂದು ಗೊತ್ತಿದ್ದೂ, ನಾನು ಮತ್ತು ಪರಶುರಾಮ ಸರದಿಯಲ್ಲಿ ಬಿಡದೆ ಒತ್ತಿದೆವು. ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಅವರೂ ತಮ್ಮ ಪ್ರಯತ್ನ ಬಿಡಲಿಲ್ಲ. ದಾಂಡೇಲಿಯ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ತಾವೂ ಒಂದು ಕ್ಷಣ ತಲೆ ತಗ್ಗಿಸಿ ನಿಂತು, ಇಲ್ಲ ಎಂದರು. ಅವರು ವಸುಧಾ ಮೇಡಂ ಕಲಿಸಿದ ವಿದ್ಯಾರ್ಥಿ ಎಂಬುದು ಆಮೇಲೆ ತಿಳಿಯಿತು.

ಶ್ರೀಕಾಂತ ಸರ್ ಆ ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ. “ನಾ ನೀರು ಕೊಟ್ಟೆ. ಅದರಿಂದ ಏನರ…” ಎಂದು ಮುಂದೆ ಹೇಳಲಾಗದೆ ನಿಲ್ಲಿಸಿದರು. ವೈದ್ಯರು, “ಇಲ್ರಿ ಸರ್. ಅದರಿಂದ ಏನೂ ಆಗಿಲ್ಲ. ಕೊಟ್ಟದ್ದು ಚೊಲೋ ಆತು,” ಎಂದರು.

ಸಂಜೆಯಾಗುವ ಮೊದಲು ಮೇಘನಾಗೆ ಫೋನ್ ಮಾಡಬೇಕಾಗಿತ್ತು. ಹುಬ್ಬಳ್ಳಿಯಿಂದ ಶ್ರೀಕಾಂತ ಸರ್ ಅವರ ಅಕ್ಕ ಮಾತಾಡಿ, “ಅವ್ವಗ ಆರಾಮಿಲ್ಲ, ಲಗೂನ ಬಾ ಅಂತ ಅಷ್ಟ ಹೇಳು. ಬಂದ ಮ್ಯಾಲ ಗೊತ್ತಾಗ್ಲಿ,” ಎಂದು ಸಲಹೆ ಕೊಟ್ಟರು. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಸರ್ ಫೋನ್ ಇಟ್ಟು, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಮೊದಲು ಮಗಳ ಜೊತೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಗೆಳತಿಯೊಬ್ಬಳು ಇದ್ದಳು. ಆಮೇಲೆ, “ಮೇಘಾ, ಕೂತ್ಕೋ. ಅವ್ವ ಹೋಗ್ಯಾಳವಾ,” ಎಂದರು. ಆ ಕಡೆಯಿಂದ ಬಂದ ದನಿಯನ್ನು ನಾನು ಬರೆಯಲಾರೆ. ಅವರು ಫೋನ್ ಕೆಳಗಿಡಲಿಲ್ಲ. ಮಗಳು ಅಳುವಷ್ಟೂ ಹೊತ್ತು, “ಇಲ್ಲೇ ಇದ್ದೇನಿ. ಇಲ್ಲೇ ಇದ್ದೇನಿ,” ಎನ್ನುತ್ತ ಕೂತರು.

ಪೊಲೀಸರ ಪಂಚನಾಮೆ, ಮರಣೋತ್ತರ ಪರೀಕ್ಷೆ, ನನ್ನ ಹೇಳಿಕೆ ಎಲ್ಲ ನಿಯಮದಂತೆ ನಡೆದವು. ಸೈಕಲ್ಲಿನಲ್ಲಿಯೂ ದಾರಿಯಲ್ಲಿಯೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಸಿಟ್ಟು ಮಾಡಲು ಒಂದು ಜಾಗವಾದರೂ ಇರುತ್ತಿತ್ತು. ಪರಶುರಾಮ ಕೆಲವು ತಿಂಗಳು ಕೆಲಸಕ್ಕೆ ಬರಲಿಲ್ಲ. ನಾನು ಬಂದೆ, ಮನೆಯಲ್ಲಿ ಕೂತರೆ ಆ ಬಟ್ಟೆಯ ತುದಿ ಬೆರಳಿನಲ್ಲಿ ಎಳೆದಂತಾಗುತ್ತಿತ್ತು.

ಮಾರನೆಯ ವರ್ಷದ ಚಳಿಗಾಲದಲ್ಲಿ ಶ್ರೀಕಾಂತ ಸರ್ ಫೋನ್ ಮಾಡಿ, ಮಗಳೊಡನೆ ಬರುವುದಾಗಿ ಹೇಳಿದರು. ಸೈಕಲ್ ಮೇಲೆಯೇ ಉಳವಿಗೆ ಹೋಗಬೇಕು, ಆದರೆ ಆ ಕಣಿವೆ ಬೇಡ ಎಂದರು. ಡಾಂಬರು ರಸ್ತೆಯಲ್ಲಿ ಹೋದೆವು. ಮೇಘನಾ ತಾಯಿಯ ಹಾಗೆಯೇ ಮುಂದೆ ಹೋಗುವವಳು. ಸರ್ ಅವಳ ಹಿಂದೆ, ನಾನು ಕೊನೆಗೆ. ದೇವಸ್ಥಾನದಲ್ಲಿ ಕೈ ಮುಗಿದು, ಗವಿ ನೋಡಲು ಮೇಘನಾ ಮೇಲೆ ಹತ್ತಿದಾಗ, ಸರ್ ಮತ್ತು ನಾನು ಕೆಳಗೆ ಕೂತೆವು.

“ನಿಮ್ಮ ಮ್ಯಾಲ ಕೆಲವು ತಿಂಗಳು ಸಿಟ್ಟಿತ್ತು,” ಎಂದರು ಅವರು. “ಗೊತ್ತಿರದಿದ್ರ ಆ ಹೊತ್ತಷ್ಟೂ ಆರಾಮ ಇರ್ತಿದ್ದೆ ಅನ್ನಸ್ತಿತ್ತು. ರಾತ್ರಿ ಎದ್ದು ಕೂಡ್ತಿದ್ದೆ. ಅಕಿ ಮುಖ ಕಾಣ್ತಿತ್ತು.”

ಅವರು ಮೇಘನಾ ಹತ್ತಿ ಹೋದ ಕಡೆ ನೋಡಿದರು.

“ಆಮ್ಯಾಲ ವಿಚಾರ ಮಾಡಿದೆ. ನೀವು ಹೇಳದಿದ್ರ ನಾ ಆ ಹೊತ್ತೆಲ್ಲಾ ಏನ್ ಮಾಡ್ತಿದ್ದೆ? ಬ್ರೇಕ್ ಹೆಂಗ ಬಾಗ್ತು, ಮನಿಗೆ ಹೋದ್ ಮ್ಯಾಲ ಎಲ್ಲಿ ರಿಪೇರಿ ಮಾಡ್ಸೂದು ಅಂತ ಅಕಿ ತಲಿ ತಿಂತಿದ್ದೆ. ಅಕಿ ಹೂಂ ಹೂಂ ಅಂತ ಕೇಳ್ತಾ ಹೋಗಿಬಿಡ್ತಿದ್ಲು.” ಅವರು ಕನ್ನಡಕ ತೆಗೆದು ಒರೆಸಿದರು. “ಸಿಟ್ಟು ಪೂರ್ತಿ ಹೋಗಿಲ್ಲ. ಆದ್ರ ಅದಕ್ಕಿಂತ ಇದು ಚೊಲೋ.”

ಆ ಮಾತನ್ನು ನಾನು ಸಮಾಧಾನವೆಂದು ತೆಗೆದುಕೊಂಡಿಲ್ಲ. ನಿಜ ಹೇಳಿದರೆ ನೋವು ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಆ ಮನುಷ್ಯನ ನೋವು ನನ್ನ ಮಾತಿನಿಂದ ಹೆಚ್ಚಾಗಿಯೇ ಇದ್ದಿರಬೇಕು. ಆದರೆ ಅದು ಅವರದೇ ಆಗಿತ್ತು, ಅವರ ಹೆಂಡತಿಯ ಕೊನೆಯ ಹೊತ್ತೂ ಅವರದಾಗಿತ್ತು. ಅದನ್ನು ಕೊಡುವ, ಬಿಡುವ ಅಧಿಕಾರ ನನಗೆ ಇರಲಿಲ್ಲ.

ಈಗ ನಾನು ಹೊಸ ಗೈಡ್‌ಗಳಿಗೆ ತರಬೇತಿ ಕೊಡುತ್ತೇನೆ. ಬಿದಿರಿನಲ್ಲಿ ಸ್ಟ್ರೆಚರ್ ಕಟ್ಟುವುದು, ನಾಡಿ ಎಣಿಸುವುದು, ಹ್ಯಾಂಡಲಿನ ಪೆಟ್ಟನ್ನು ಸಣ್ಣದೆಂದು ಬಿಡದಿರುವುದು, ಎಲ್ಲವನ್ನೂ ಹೇಳಿಕೊಡುತ್ತೇನೆ. ಎಲ್ಲ ಮುಗಿದ ಮೇಲೆ ಅವರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂಡಿಸಿ ಇನ್ನೊಂದು ಪಾಠ ಮಾಡುತ್ತೇನೆ. ಒಬ್ಬರು ಕೆಟ್ಟ ಸುದ್ದಿ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಸುತ್ತು ಬಳಸದೆ, ಇರುವ ಆಸೆಯನ್ನೂ ಇಲ್ಲದ ಆಸೆಯನ್ನೂ ಇದ್ದಷ್ಟೇ ಹೇಳಬೇಕು. ಮೊದಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗುತ್ತಾರೆ. ಹೇಳಿ ಮುಗಿಸಿದ ಕೂಡಲೇ ಎದ್ದು ಹೋಗಲು ಎಲ್ಲರ ಕಾಲೂ ತವಕಿಸುತ್ತದೆ. ಆಗ ನಾನು ಅವರ ಹೆಗಲ ಮೇಲೆ ಕೈ ಇಟ್ಟು ಕೂಡಿಸುತ್ತೇನೆ. ಸುದ್ದಿ ಹೇಳುವುದು ಅರ್ಧ ಕೆಲಸ. ಹೇಳಿದ ಮೇಲೆ ಅಲ್ಲಿಯೇ ಕೂತಿರುವುದು ಇನ್ನರ್ಧ.